ಜುಲೈ ತಿಂಗಳ ಪೂಮಾ

ಅಂಗಡಿಯೊಳಗೆ ಕಾಲಿಟ್ಟವರನ್ನು ಬಾಗಿಲಲ್ಲೇ ತೂಗಿ ನೋಡುವುದು ನಮ್ಮ ಕಸುಬಿನವರ ಚಾಳಿ. ತೊಗರಿಬೇಳೆಯ ಚೀಲವನ್ನು ಹೇಗೆ ಮುಟ್ಟುತ್ತಾರೆ ಎಂದು ನೋಡಿದರೆ ಸಾಕು, ಮನೆಯಲ್ಲಿ ಒಲೆ ಯಾರದು, ಹಿಡಿತ ಯಾರದು, ಮುಂದಿನ ವಾರ ಇವರು ಉಪ್ಸಾಲಾದ ನನ್ನ ಅಂಗಡಿಗೇ ಬರುತ್ತಾರೋ ಅಥವಾ ಸ್ಟಾಕ್‌ಹೋಮಿನ ದೊಡ್ಡ ಅಂಗಡಿಗೆ ರೈಲು ಹತ್ತುತ್ತಾರೋ ಎಂಬುದು ತಿಳಿದುಹೋಗುತ್ತದೆ. ನಾಯಿಲಾಳನ್ನು ಮೊದಲ ಸಲ ಕಂಡಾಗ ನಾನು ಹಾಕಿದ ಅಂದಾಜು ಹೀಗಿತ್ತು: ಮಾಲು ಒಳ್ಳೆಯದು, ತೂಕದಲ್ಲಿ ಮೋಸವಿಲ್ಲ, ಆದರೆ ಪ್ಯಾಕಿಂಗ್ ಅತಿ ಬಿಗಿ. ಬಿಚ್ಚುವಷ್ಟರಲ್ಲಿ ಉಗುರು ಹೋಗುತ್ತದೆ.

ರಾಣೆಬೆನ್ನೂರಿನ ಹುಡುಗಿ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಅಲ್ಲೇ ಕೆಲವು ವರ್ಷ ದುಡಿದು, ಗಂಡ ಫೈಜಲ್‌ನ ಜೊತೆ ಈ ದೇಶಕ್ಕೆ ಬಂದವಳು. ಅವನು ದಿನಾ ಬೆಳಗ್ಗೆ ಸ್ಟಾಕ್‌ಹೋಮಿಗೆ ರೈಲಿನಲ್ಲಿ ಹೋಗಿಬರುತ್ತಿದ್ದ. ಇವಳಿಗೆ ಉಪ್ಸಾಲಾದ ಹೊರಗಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಶನಿವಾರ ಶನಿವಾರ ಸೈಕಲ್ಲಿನಲ್ಲಿ ಬರುತ್ತಿದ್ದಳು. ಅಂಗಡಿಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ಕೌಂಟರಿನಿಂದ ಒಂದು ಮಾರು ದೂರ ನಿಲ್ಲುತ್ತಿದ್ದಳು, ಮುಂದೆ ಯಾರೋ ಕಣ್ಣಿಗೆ ಕಾಣದ ಗಿರಾಕಿ ಜೇಬಿನಲ್ಲಿ ಕಾರ್ಡು ತಡಕಾಡುತ್ತಿದ್ದಾನೆ ಎಂಬಂತೆ. ಬುಟ್ಟಿಯಲ್ಲಿ ಹರಡಿಟ್ಟ ಕರಿಬೇವಿಗೂ ಅಪ್ಪಣೆ ಬೇಕು.

“ಅಂಕಲ್, ಇದು ತಗೋಬಹುದಾ?”

“ಮಾರೋಕೇ ಇಟ್ಟಿರೋದಮ್ಮ. ತಗೊಳ್ಳದಿದ್ರೆ ನಂಗೆ ಕಷ್ಟ.”

“ಅಲ್ಲಾ, ಯಾರಾದ್ರೂ ಎತ್ತಿಡೋಕೆ ಹೇಳಿದಾರೇನೋ ಅಂತ.”

ನನ್ನ ಹೆಂಡತಿ ಜಾನಕಿ ಒಣಮೆಣಸಿನಕಾಯಿ ಪೊಟ್ಟಣ ಕಟ್ಟುತ್ತಾ ಕೂತಿದ್ದಳು. “ಇವಳನ್ನ ನೋಡಿ ಸ್ವೀಡನ್ನಿನವರೇ ಶಿಸ್ತು ಕಲಿಬೇಕು,” ಎಂದಳು. ನಾಯಿಲಾ ನಕ್ಕಳು. ನಗುವಾಗಲೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು, ನಗುವಿನಿಂದ ಪಕ್ಕದವರಿಗೆ ತೊಂದರೆಯಾದೀತೆಂದು.

ಇಂಥವಳು ಒಂದು ಶನಿವಾರ ಅಕ್ಕಿಯ ಮೂಟೆಗೆ ಒರಗಿ, ಫೋನು ನೋಡುತ್ತಾ, ಕೈ ಅಡ್ಡ ಹಿಡಿಯುವುದನ್ನು ಮರೆತು ನಗುತ್ತಿದ್ದಳು. ಜಾನಕಿ ಬಿಡುತ್ತಾಳೆಯೇ?

“ಏನೇ, ಫೈಜಲ್ ಏನು ಕಳಿಸಿದ?”

“ಫೈಜಲ್ ಅಲ್ಲ ಆಂಟಿ. ಪೂಮಾ.”

“ಯಾರದು?”

“ಪೂಮಾ, ಆಂಟಿ. ದೊಡ್ಡ ಬೆಕ್ಕು. ಅಮೆರಿಕದ್ದು. ಕೂಗರ್ ಅಂತಾರಲ್ಲ, ಮೌಂಟನ್ ಲಯನ್ ಅಂತಲೂ ಅಂತಾರೆ.”

ಒಂದೇ ಸರಕಿಗೆ ಮೂರು ಲೇಬಲ್ ಅಂಟಿಸಿ ಮಾರುವುದು ನಮ್ಮಲ್ಲಿ ಮಾತ್ರ ನಡೆಯುತ್ತದೆ ಎಂದುಕೊಂಡಿದ್ದೆ. ಹತ್ತಿರ ಹೋಗಿ ನೋಡಿದೆ. ಬೆಕ್ಕೂ ಇಲ್ಲ, ಬಾಲವೂ ಇಲ್ಲ. ಕಂದು ಬಣ್ಣದ ಒಂದು ನಕಾಶೆ, ಅದರ ಮೇಲೆ ಕೆಂಪು ಚುಕ್ಕೆಗಳು. ಅಷ್ಟಕ್ಕೆ ಇಷ್ಟು ನಗು.

ಅವಳ ಕಂಪನಿ ಕಾಡುಪ್ರಾಣಿಗಳ ಕೊರಳಿಗೆ ಹಾಕುವ ಪಟ್ಟಿಗಳನ್ನು ಮಾಡುತ್ತದೆ. ಪಟ್ಟಿಯೊಳಗೆ ಒಂದು ಪುಟ್ಟ ಯಂತ್ರ. ಪ್ರಾಣಿ ಎಲ್ಲಿದೆ ಎಂದು ಅದು ಆಗಾಗ ಉಪಗ್ರಹಕ್ಕೆ ಹೇಳುತ್ತದೆ, ಉಪಗ್ರಹ ಉಪ್ಸಾಲಾಕ್ಕೆ ಹೇಳುತ್ತದೆ. ಸ್ವೀಡನ್ನಿನ ಕಡವೆಯಂಥ ದೈತ್ಯ ಮೂಸ್‌ಗಳಿಗೂ, ತೋಳಗಳಿಗೂ ಇವರದೇ ಪಟ್ಟಿ. ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಪೂಮಾಗಳ ಬೆನ್ನು ಹತ್ತಿದ್ದ ಒಂದು ಸಂಶೋಧಕರ ತಂಡವೂ ಇವರಿಂದಲೇ ತರಿಸಿಕೊಂಡಿತ್ತು. ಆ ಚುಕ್ಕೆಗಳು ಸರಿಯಾಗಿ ಬರುತ್ತಿವೆಯೇ, ಬ್ಯಾಟರಿ ಎಷ್ಟಿದೆ ಎಂದು ನೋಡಿಕೊಳ್ಳುವುದು ನಾಯಿಲಾಳ ಕೆಲಸ. ಪೂಮಾವನ್ನು ಕಣ್ಣಾರೆ ಕಂಡವಳಲ್ಲ. ಮೃಗಾಲಯದಲ್ಲೂ ಕಂಡವಳಲ್ಲ. ಆದರೆ ಒಂದು ಎಳೆಯ ಗಂಡು ಪೂಮಾದ ದಿನಚರಿ ಅವಳಿಗೆ ಗೊತ್ತಿದ್ದಷ್ಟು ಫೈಜಲ್‌ನ ದಿನಚರಿ ಗೊತ್ತಿತ್ತೋ ಇಲ್ಲವೋ ಅನುಮಾನ.

ಕೌಂಟರಿನ ಮೇಲೆ ಕಡಲೆಕಾಳು ಚೆಲ್ಲಿ ನಮಗೆ ತೋರಿಸಿದಳು.

“ನೋಡಿ ಆಂಟಿ, ಹೀಗೆ ದೂರ ದೂರ ಚುಕ್ಕೆ ಬಿದ್ರೆ ಅವನು ನಡೀತಿದಾನೆ ಅಂತ. ಹೀಗೆ ಒಂದೇ ಕಡೆ ರಾಶಿ ಬಿದ್ರೆ ಜಿಂಕೆ ಹೊಡೆದಿದಾನೆ ಅಂತ. ಹೊಡೆದಿದ್ದನ್ನ ಎಳ್ಕೊಂಡು ಹೋಗಿ ಮರದ ಕೆಳಗೆ ಹಾಕಿ, ಮೇಲೆ ಎಲೆ, ಮಣ್ಣು ಎಲ್ಲಾ ಮುಚ್ಚಿಡ್ತಾನೆ. ನಾಲ್ಕೈದು ದಿನ ಅಲ್ಲಿಗೇ ಬಂದು ಬಂದು ತಿಂತಾನೆ.”

“ಫ್ರಿಜ್ಜು,” ಎಂದೆ ನಾನು.

“ಹ್ಞೂಂ ಅಂಕಲ್, ಫ್ರಿಜ್ಜೇ.”

“ಉಳಿದ ಹೊತ್ತು?” ಎಂದಳು ಜಾನಕಿ.

“ಹಗಲೆಲ್ಲಾ ಬಂಡೆ ಸಂದೀಲಿ ಮಲಗ್ತಾನೆ. ಮುಸ್ಸಂಜೆ ಆದ್ಮೇಲೆ ಏಳ್ತಾನೆ. ಯಾರ ಕಣ್ಣಿಗೂ ಬೀಳಲ್ಲ, ಯಾರ ಜೊತೆಗೂ ಸೇರಲ್ಲ.”

“ಹಗಲೆಲ್ಲಾ ನಿದ್ದೆ, ಸಂಜೆ ಎದ್ದು ಊಟ ಎಲ್ಲಿ ಅಂತ ಹುಡುಕೋದು, ಮಾತಿಲ್ಲ ಕತೆಯಿಲ್ಲ. ನಮ್ಮ ಅಳಿಯನ ಹಾಗೇ ಇದಾನಲ್ಲೇ!”

ಅವತ್ತಿನಿಂದ ಅದಕ್ಕೆ ನಮ್ಮ ಅಂಗಡಿಯಲ್ಲಿ ಅಳಿಯ ಎಂದೇ ಹೆಸರು. ಮಾಲ್ಮೋದಲ್ಲಿರುವ ನಿಜವಾದ ಅಳಿಯನಿಗೆ ಈ ವಿಷಯ ಇನ್ನೂ ಗೊತ್ತಿಲ್ಲ.

ಅಲ್ಲಿಂದ ಮುಂದೆ ನಾಯಿಲಾಳ ಶನಿವಾರದ ಖರೀದಿ ಉದ್ದವಾಯಿತು. ಬೇರೆ ಗಿರಾಕಿಗಳು ಬರುವ ಮೊದಲೇ ಬಂದು ಸುದ್ದಿ ಒಪ್ಪಿಸುತ್ತಿದ್ದಳು. ಗಂಡುಮರಿ ಒಂದೂವರೆ ವರ್ಷದ ಹೊತ್ತಿಗೆ ತಾಯಿಯನ್ನು ಬಿಟ್ಟು ಹೊರಡುತ್ತದಂತೆ. ಹುಟ್ಟಿದ ಜಾಗದಲ್ಲೇ ಉಳಿದರೆ ಅಲ್ಲಿಯ ಹಿರಿಯ ಗಂಡು ಕೊಂದೇಹಾಕುತ್ತದೆ. ಖಾಲಿ ಜಾಗ ಸಿಗುವ ತನಕ ನಡೆಯಬೇಕು, ಬೆಟ್ಟ ದಾಟಿ, ಹೆದ್ದಾರಿ ದಾಟಿ. ಹಿರಿಯ ಗಂಡು ಹಿಂಗಾಲಿನಿಂದ ಕಸಕಡ್ಡಿ ಕೆರೆದು ಗುಡ್ಡೆ ಮಾಡಿ ಇದು ನನ್ನ ಜಾಗ ಎಂದು ಗುರುತು ಹಾಕಿರುತ್ತದೆ; ಅಂಥ ಗುಡ್ಡೆಯ ವಾಸನೆ ಬಂದರೆ ಸುಮ್ಮನೆ ದಾರಿ ಬದಲಿಸಬೇಕು. ಇದೆಲ್ಲ ಹೇಳುವಾಗ ಅವಳ ದನಿ ಏರುತ್ತಿತ್ತು.

“ಹೆದ್ದಾರಿ ಪಕ್ಕದಲ್ಲಿ ಮೂರು ದಿನ ಕೂತಿದ್ದ ಅಂಕಲ್. ಬರ್ತಾನೆ, ನೋಡ್ತಾನೆ, ವಾಪಸ್ ಹೋಗ್ತಾನೆ. ನಾನು ಆಫೀಸಲ್ಲಿ ಕೂತ್ಕೊಂಡು ನಿಮಿಷಕ್ಕೊಂದು ಸಲ ನಕಾಶೆ ತೆರೀತಿದ್ದೆ. ಆಮೇಲೆ ನೋಡಿದ್ರೆ ಚುಕ್ಕೆ ಆ ಕಡೆ!”

“ದಾಟಿಬಿಟ್ಟನಾ?”

“ದಾಟಿಬಿಟ್ಟ!”

ಜಾನಕಿ ಆ ದಿನ ಒಂದು ಪೊಟ್ಟಣ ಮೈಸೂರು ಪಾಕನ್ನು ಅಳಿಯ ರಸ್ತೆ ದಾಟಿದ ಲೆಕ್ಕದಲ್ಲಿ ಸುಮ್ಮನೆ ಕೊಟ್ಟುಬಿಟ್ಟಳು. ನಾನು ಕಣ್ಣು ಬಿಟ್ಟರೂ ಕೊಟ್ಟಳು.

“ಇರೋಕೆ ಎಂಥ ಜಾಗ ಬೇಕಂತೆ ಅವಕ್ಕೆ?” ಎಂದು ಕೇಳಿದೆ.

“ಇಂಥದ್ದೇ ಅಂತಿಲ್ಲ ಅಂಕಲ್. ಹಿಮದ ಬೆಟ್ಟ, ಮರುಭೂಮಿ, ಜೌಗು, ಎಲ್ಲಿ ಬೇಕಾದ್ರೂ ಇರ್ತವೆ. ಕೆನಡಾದಿಂದ ಹಿಡಿದು ದಕ್ಷಿಣ ಅಮೆರಿಕದ ತುದಿ ತನಕ ಇವೆ. ತಿನ್ನೋಕೆ ಜಿಂಕೆ ಥರ ಏನಾದ್ರೂ ಇರಬೇಕು, ಅವಿತುಕೊಳ್ಳೋಕೆ ಮರೆ ಇರಬೇಕು. ಅಷ್ಟೇ.”

“ನಮ್ಮವರ ಹಾಗೇ,” ಎಂದಳು ಜಾನಕಿ. “ಅಕ್ಕಿ ಸಿಗಬೇಕು, ಬಾಡಿಗೆ ಮನೆ ಸಿಗಬೇಕು.”

ಅಳಿಯನಿಗೂ ಕಡೆಗೆ ಒಂದು ಕಣಿವೆ ಸಿಕ್ಕಿತು. ಒಣ ಕಣಿವೆ, ನಡುವೆ ಒಂದು ಸಣ್ಣ ತೊರೆ, ಎರಡೂ ಕಡೆ ಕಡಿದಾದ ಬಂಡೆ. ಬೇರೆ ಗಂಡಿನ ಗುರುತಿಲ್ಲ. ಚುಕ್ಕೆಗಳು ಅಲ್ಲಲ್ಲೇ ಸುತ್ತತೊಡಗಿದವು. ಅವನು ನೆಲೆಯಾದ ಎಂದು ನಾಯಿಲಾ ಎಷ್ಟು ಹಿಗ್ಗಿದಳೆಂದರೆ, ತನಗೆ ಈ ದೇಶದ ಕಾಯಂ ವಾಸದ ಪರವಾನಗಿ ಬಂದಾಗಲೂ ಅಷ್ಟು ಹಿಗ್ಗಿರಲಿಲ್ಲ.

ಆ ಪಟ್ಟಿಯ ವಿಷಯ ಇಲ್ಲಿ ಹೇಳಿಬಿಡಬೇಕು. ಬೆಳೆಯುವ ಪ್ರಾಣಿಗೆ ಪಟ್ಟಿಯನ್ನು ಸಡಿಲವಾಗಿಯೇ ಹಾಕುತ್ತಾರೆ. ಕೊರಳು ತುಂಬಿಬರುವ ಹೊತ್ತಿಗೆ ಉಪ್ಸಾಲಾದಿಂದ ಒಂದು ಆಜ್ಞೆ ಕಳಿಸಿದರೆ ಅದು ಉಪಗ್ರಹದ ಮೂಲಕ ಹೋಗಿ, ಪಟ್ಟಿಯ ಕೊಂಡಿ ತಾನೇ ಬಿಚ್ಚಿಕೊಂಡು ಕೆಳಗೆ ಬೀಳುತ್ತದೆ. ಅಳಿಯನ ಪಟ್ಟಿಯನ್ನು ಶರತ್ಕಾಲದಲ್ಲಿ ಬೀಳಿಸುವುದೆಂದು ನಿಗದಿಯಾಗಿತ್ತು. ಆದರೆ ಅಂಥ ಆಜ್ಞೆಯನ್ನು ಒಬ್ಬರೇ ಕಳಿಸುವ ಹಾಗಿಲ್ಲ. ಹಿಂದೊಮ್ಮೆ ಯಾರೋ ತಪ್ಪಿ ಬೇರೆ ಪ್ರಾಣಿಯ ಪಟ್ಟಿ ಬೀಳಿಸಿ, ವರ್ಷಗಳ ಕೆಲಸ ಹಾಳಾಗಿತ್ತಂತೆ. ಹಾಗಾಗಿ ಒಬ್ಬರು ಸಿದ್ಧಪಡಿಸಬೇಕು, ಇನ್ನೊಬ್ಬರು ಒಪ್ಪಬೇಕು. ಸಿದ್ಧಪಡಿಸುವವಳು ನಾಯಿಲಾ. ಒಪ್ಪುವವನು ಅವಳ ತಂಡದ ಮುಖ್ಯಸ್ಥ ಲೆನ್ನಾರ್ಟ್. ಇನ್ನೊಬ್ಬಾಕೆಗೂ ಆ ಅಧಿಕಾರವಿತ್ತು, ಆಕೆ ಹೆರಿಗೆ ರಜೆಯಲ್ಲಿದ್ದಳು.

ಲೆನ್ನಾರ್ಟ್‌ನನ್ನು ನಾನೂ ಕಂಡಿದ್ದೇನೆ. ಒಮ್ಮೆ ನಾಯಿಲಾ ಅವನನ್ನು ಅಂಗಡಿಗೆ ಕರೆದುಕೊಂಡು ಬಂದಿದ್ದಳು. ನಿವೃತ್ತಿಗೆ ಹತ್ತಿರದ ವಯಸ್ಸು, ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ನಿಂಬೆ ಉಪ್ಪಿನಕಾಯಿ ಖಾರವೇ ಎಂದು ಕೇಳಿದ. ಖಾರ ಎಂದೆ. ಹಾಗಾದರೆ ಬೇಡ ಎಂದು ಇಟ್ಟುಬಿಟ್ಟ. ಎಷ್ಟು ಖಾರ, ಸ್ವಲ್ಪ ತಿಂದು ನೋಡಬಹುದೇ ಎಂಬ ಮಾತೇ ಇಲ್ಲ. ನೀನು ಹೇಳಿದೆ, ನಾನು ನಂಬಿದೆ, ಮುಗಿಯಿತು. ಇಂಥವರ ಜೊತೆ ವ್ಯಾಪಾರ ಮಾಡುವುದು ಬಹಳ ಸುಲಭ. ಅದು ಸುಲಭ ಎಂದು ನಂಬುವುದೇ ನಮ್ಮಂಥವರಿಗೆ ಕಷ್ಟ.

ಜುಲೈ ಬಂತೆಂದರೆ ಈ ದೇಶ ಬೀಗ ಹಾಕಿಕೊಂಡು ಹೊರಡುತ್ತದೆ. ದಂತವೈದ್ಯರಿಂದ ಹಿಡಿದು ಕೊಳಾಯಿ ರಿಪೇರಿಯವರ ತನಕ ಎಲ್ಲರೂ ನೀರಿನ ಪಕ್ಕದ ಕೆಂಪು ಮರದ ಮನೆಗಳಲ್ಲಿ. ಇಮೇಲ್ ಬರೆದರೆ ಆಗಸ್ಟಿನಲ್ಲಿ ಸಿಗುತ್ತೇನೆ ಎಂಬ ಉತ್ತರ ಯಂತ್ರದಿಂದಲೇ ಬರುತ್ತದೆ. ಲೆನ್ನಾರ್ಟ್ ಸಹ ಸಮುದ್ರದ ನಡುವಿನ ಒಂದು ದ್ವೀಪದಲ್ಲಿದ್ದ ತನ್ನ ಮನೆಗೆ ಹೊರಟ. ಹೊರಡುವ ದಿನದ ಫೀಕಾದಲ್ಲಿ, ಅಂದರೆ ಇವರ ಆಫೀಸುಗಳಲ್ಲಿ ಎಲ್ಲರೂ ತಪ್ಪದೆ ಸೇರುವ ಆ ಕಾಫಿ ಹೊತ್ತಿನಲ್ಲಿ, ದಾಲ್ಚಿನ್ನಿ ಬನ್ನು ಮುರಿಯುತ್ತಾ ನಾಯಿಲಾಳಿಗೆ ಹೇಳಿದ: “ಏನಾದರೂ ಇದ್ದರೆ ಫೋನ್ ಮಾಡು.”

ಈ ಮಾತನ್ನು ನಾಯಿಲಾ ಹೇಗೆ ಕೇಳಿಸಿಕೊಂಡಳು ಎಂಬುದರಲ್ಲೇ ಎಲ್ಲವೂ ಇದೆ. ನಮ್ಮ ಕಡೆ ಬೀಳ್ಕೊಡುವಾಗ ಮನೆಗೆ ಬನ್ನಿ ಎನ್ನುತ್ತೇವೆ, ಏನಾದರೂ ಬೇಕಾದರೆ ಸಂಕೋಚ ಮಾಡಬೇಡಿ ಎನ್ನುತ್ತೇವೆ. ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು, ಯಾರೂ ಮಾರನೆಯ ದಿನ ಚೀಲ ಹಿಡಿದು ಬಂದು ನಿಲ್ಲುವುದಿಲ್ಲ. ನಾಯಿಲಾ ಲೆನ್ನಾರ್ಟ್‌ನ ಮಾತನ್ನು ಆ ಕಪಾಟಿನಲ್ಲಿ ಇಟ್ಟುಬಿಟ್ಟಳು. ಅದಕ್ಕೆ ಕಾರಣವೂ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಶನಿವಾರ ಅವಳು ಸಹೋದ್ಯೋಗಿಯೊಬ್ಬನಿಗೆ ಫೋನು ಮಾಡಿ ಏನೋ ಕೇಳಿದ್ದಳು. ಸೋಮವಾರದ ಫೀಕಾದಲ್ಲಿ ಬಿಡುವಿನ ದಿನಗಳ ಮಹತ್ವದ ಬಗ್ಗೆ ಎಲ್ಲರೂ ಮೃದುವಾಗಿ ಮಾತಾಡಿಕೊಂಡರು. ಅವಳ ಹೆಸರು ಯಾರೂ ಎತ್ತಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ಅದಕ್ಕೇ ಅವಳ ಕಿವಿ ಬಿಸಿಯಾಯಿತು. ಅಂದು ಕಲಿತ ಪಾಠವನ್ನು ಅವಳು ಮೊದಲ ದರ್ಜೆಯಲ್ಲಿ ಪಾಸು ಮಾಡಿದ್ದಳು.

ಲೆನ್ನಾರ್ಟ್ ಹೋದ ಮೇಲಿನ ವಾರವೇ ಅಮೆರಿಕದ ಸಂಶೋಧಕಿಯ ಇಮೇಲ್ ಬಂತು, ಜೊತೆಗೊಂದು ಚಿತ್ರ. ತೊರೆಯ ಬಳಿ ಮರಕ್ಕೆ ಕಟ್ಟಿದ್ದ ಕ್ಯಾಮೆರಾದಲ್ಲಿ ಅಳಿಯ ಸಿಕ್ಕಿದ್ದ. ಎಲ್ಲರೂ ಅಂದಾಜು ಮಾಡಿದ್ದಕ್ಕಿಂತ ಬೇಗ ಬಲಿತಿದ್ದಾನೆ, ಪಟ್ಟಿ ಬಿಗಿಯಾಗಿದೆ, ಅಂಚಿನಲ್ಲಿ ಕೂದಲು ಉದುರಿದೆ. ಬೇಸಿಗೆಯ ಉರಿಯಲ್ಲಿ ಬೇಟೆನಾಯಿ ಬಿಟ್ಟು ಅಟ್ಟಿ ಹಿಡಿಯಲು ಹೋದರೆ ಪ್ರಾಣಿಯೇ ಸತ್ತೀತು. ದಯವಿಟ್ಟು ಅಲ್ಲಿಂದಲೇ ಆದಷ್ಟು ಬೇಗ ಬೀಳಿಸಿ ಎಂದು ಆಕೆ ಬರೆದಿದ್ದಳು.

ನಾಯಿಲಾ ಆ ಗಳಿಗೆಯಲ್ಲೇ ಆಜ್ಞೆಯನ್ನು ಸಿದ್ಧಪಡಿಸಿದಳು. ಲೆನ್ನಾರ್ಟ್‌ಗೆ ಇಮೇಲ್ ಕಳಿಸಿದಳು, ಒಪ್ಪಿಗೆ ಬಂದ ಕೂಡಲೇ ಬೀಳಿಸುತ್ತೇವೆ ಎಂದು ಸಂಶೋಧಕಿಗೂ ಬರೆದಳು. ಆಗಸ್ಟಿನಲ್ಲಿ ಸಿಗುತ್ತೇನೆ ಎಂದು ಯಂತ್ರ ಉತ್ತರಿಸಿತು.

ಆ ಶನಿವಾರ ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ಬಾಗಿಲಲ್ಲೇ ವಾದ ನಡೆದಿತ್ತು.

“ಒಂದು ಫೋನ್, ನಾಯಿಲಾ. ಒಂದೇ ಒಂದು ಫೋನ್. ನಂಬರ್ ಇದೆ ತಾನೆ?”

“ಇದೆ.”

“ಮತ್ತೆ?”

“ಅವರು ವರ್ಷಕ್ಕೊಂದು ಸಲ ಹೋಗೋದು ಫೈಜಲ್. ಮೇಲ್ ಹಾಕಿದೀನಿ. ನೋಡಿದ್ರೆ ಅವರೇ ಮಾಡ್ತಾರೆ. ನೋಡಿಲ್ಲ ಅಂದ್ರೆ ನೋಡೋದು ಬೇಡ ಅಂತಾನೇ ಇರಬೇಕು.”

“ಬೆಂಗಳೂರಲ್ಲಾಗಿದ್ರೆ ಇಷ್ಟು ಹೊತ್ತಿಗೆ ಅವರ ಭಾವಮೈದನಿಗೂ ಫೋನ್ ಮಾಡಿ ಎಬ್ಬಿಸ್ತಿದ್ದೆ ನೀನು.”

“ಇದು ಬೆಂಗಳೂರಲ್ಲ.”

ಜಾನಕಿಗೆ ತಡೆಯಲಾಗಲಿಲ್ಲ. “ಮಾಡೇ ಮಾರಾಯ್ತಿ. ಅವನೇನು ನಿನ್ನ ನುಂಗ್ತಾನಾ?”

“ಹಾಗಲ್ಲ ಆಂಟಿ. ಬೇಜಾರು ಮಾಡ್ಕೊಂಡ್ರೂ ಮುಖದ ಮೇಲೆ ತೋರಿಸಲ್ಲ ಇವರು. ಅದೇ ಕಷ್ಟ.” ಆಮೇಲೆ ನನ್ನ ಕಡೆ ತಿರುಗಿ, ನಾನು ಬಾಯಿ ತೆರೆಯುವ ಮೊದಲೇ, “ಅಂಕಲ್, ನೀವು ಬಿಲ್ ಹಾಕಿ,” ಎಂದಳು.

ಬಿಲ್ ಹಾಕಿದೆ. ಮುಂದಿನ ವಾರದ ನಡುವೆ, ಯಾವತ್ತೂ ಬರದ ದಿನ, ಒಬ್ಬಳೇ ಬಂದು ಏನೂ ಬೇಡದೆ ಕಪಾಟುಗಳ ನಡುವೆ ಅಡ್ಡಾಡಿದಳು. ಅಳಿಯ ಹೇಗಿದ್ದಾನೆ ಎಂದು ಜಾನಕಿ ಕೇಳಿದಳು. ಚುಕ್ಕೆಗಳೆಲ್ಲ ತೊರೆಯ ಬಳಿಯೇ ಬೀಳುತ್ತಿವೆ ಎಂದಳು ನಾಯಿಲಾ.

“ಹಾಗಾದ್ರೆ ಜಿಂಕೆ ಹೊಡೆದಿದಾನೆ, ಅಲ್ವಾ? ನೀನೇ ಹೇಳಿದ್ದಲ್ಲ, ರಾಶಿ ಬಿದ್ರೆ ಅಂತ.”

“ಹ್ಞೂಂ ಆಂಟಿ. ಹಾಗೇ ಇರಬೇಕು.”

ಹಾಗೆಂದುಕೊಳ್ಳುವುದಕ್ಕೆ ಅವಳೂ ಪ್ರಯತ್ನಿಸುತ್ತಿದ್ದಳು ಎಂದು ಈಗ ಅನಿಸುತ್ತದೆ. ಬೇಟೆ ಹೊಡೆದಿದ್ದರೆ ಆ ರಾಶಿ ನಾಲ್ಕೈದು ದಿನಕ್ಕೆ ಮುಗಿದು ಚುಕ್ಕೆ ಮುಂದೆ ಹೋಗಬೇಕು. ಅದು ಹೋಗಲಿಲ್ಲ. ಅವಳು ಎರಡನೆಯ ಇಮೇಲ್ ಬರೆದಳು, ಮೊದಲಿಗಿಂತ ಹೆಚ್ಚು ವಿನಯದಿಂದ: ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ, ಬಿಡುವಾದಾಗ ನೋಡಿ, ಅವಸರವಿಲ್ಲ. ಅವಸರವಿಲ್ಲ ಎಂದು ಬರೆದದ್ದನ್ನು ಆಮೇಲೆ ಅವಳೇ ನಮಗೆ ಹೇಳಿದಳು. ಫೋನನ್ನು ದಿನಾ ಕೈಗೆತ್ತಿಕೊಳ್ಳುತ್ತಿದ್ದಳಂತೆ, ಹೆಸರನ್ನು ಹುಡುಕಿ ತೆಗೆಯುತ್ತಿದ್ದಳಂತೆ, ಅಲ್ಲಿಗೆ ನಿಲ್ಲಿಸುತ್ತಿದ್ದಳಂತೆ. ಒಮ್ಮೆ ಫೈಜಲ್ ಅವಳ ಕೈಯಿಂದ ಫೋನು ಕಿತ್ತುಕೊಂಡು ತಾನೇ ಮಾಡಲು ಹೋದದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳಂತೆ.

ಜುಲೈ ಕೊನೆಯಲ್ಲಿ ಪಟ್ಟಿಯೊಳಗಿನ ಯಂತ್ರ ಬೇರೆ ಬಗೆಯ ಸಂದೇಶ ಕಳಿಸಿತು. ತೊಟ್ಟ ಪ್ರಾಣಿ ಬಹಳ ಹೊತ್ತಿನಿಂದ ಅಲುಗಾಡದಿದ್ದರೆ ಅದು ತಾನಾಗಿಯೇ ಆ ಸಂದೇಶ ಕಳಿಸುತ್ತದೆ.

ಸಂಶೋಧಕಿ ಹೋಗಿ ನೋಡಿದಾಗ ಅಳಿಯ ತೊರೆಯ ಮೇಲ್ಗಡೆ ಒಂದು ಚಾಚಿದ ಬಂಡೆಯ ಕೆಳಗೆ, ನೆರಳಿನಲ್ಲಿ ಮಲಗಿದ್ದ. ಪಟ್ಟಿಯ ಕೆಳಗೆ ಕೊರಳು ಕೊಯ್ದು, ಗಾಯ ಕೀವಾಗಿ, ನಂಜೇರಿತ್ತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಹತ್ತಿರದಲ್ಲಿ ಮುಚ್ಚಿಟ್ಟ ಬೇಟೆಯೂ ಇರಲಿಲ್ಲ. ನೀರು ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ಆ ಜಾಗ ಬಿಟ್ಟು ಹೋಗಿರಲಿಲ್ಲ.

ಆಗಸ್ಟಿನಲ್ಲಿ ಲೆನ್ನಾರ್ಟ್ ಮರಳಿದ. ಬಿಸಿಲಿಗೆ ಮೂಗು ಕೆಂಪಾಗಿತ್ತು, ಕಚೇರಿಯವರಿಗೆಂದು ಕಾಡಿನಲ್ಲಿ ಆರಿಸಿದ ಹಳದಿ ಅಣಬೆಯ ಬುಟ್ಟಿ ತಂದಿದ್ದ. ಬುಟ್ಟಿ ಕೆಳಗಿಡುವ ಮೊದಲೇ ನಾಯಿಲಾ ವಿಷಯ ಹೇಳಿದಳು.

“ಯಾಕೆ ಫೋನ್ ಮಾಡಲಿಲ್ಲ?” ಎಂದು ಕೇಳಿದ.

“ನೀವು ರಜೆಯಲ್ಲಿದ್ರಿ.”

“ಮಾಡು ಅಂತ ಹೇಳಿದ್ದೆನಲ್ಲ.”

ಅವನ ದನಿಯಲ್ಲಿ ಕೋಪ ಇರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳುತ್ತಿದ್ದ. ಆ ದ್ವೀಪದ ಮನೆಯಲ್ಲಿ ಅಡುಗೆಮನೆಯ ಕಿಟಕಿಯಲ್ಲಿ ಮಾತ್ರ ಸಿಗ್ನಲ್ ಸಿಗುತ್ತದಂತೆ. ನಾಯಿಲಾ ಒಬ್ಬಳೇ ಇದ್ದಾಳೆ, ಏನಾದರೂ ಆದರೆ ಮಾಡುತ್ತಾಳೆ ಎಂದು ಅವನು ಜುಲೈ ಪೂರ್ತಿ ಫೋನನ್ನು ಆ ಕಿಟಕಿಯ ಕಟ್ಟೆಯ ಮೇಲೇ ಇಟ್ಟಿದ್ದ. ರಜೆಯಲ್ಲಿ ಅವನು ಇಮೇಲ್ ನೋಡದಂತೆ ಹೆಂಡತಿ ತಡೆದಿದ್ದಳು. ಫೋನನ್ನು ಮಾತ್ರ ಮುಟ್ಟಬೇಡ ಎಂದು ಇವನೇ ಅವಳಿಗೆ ಹೇಳಿದ್ದ.

ಆಮೇಲೆ ಸಭೆ ನಡೆಯಿತು. ತಪ್ಪು ಯಾವ ವ್ಯಕ್ತಿಯದೂ ಅಲ್ಲ, ಪದ್ಧತಿಯದು ಎಂದು ತೀರ್ಮಾನವಾಯಿತು. ಪ್ರಾಣಿಯ ಜೀವಕ್ಕೆ ಅಪಾಯವಿದ್ದಾಗ ಇನ್ನು ಮುಂದೆ ಒಬ್ಬರೇ ಆಜ್ಞೆ ಕಳಿಸಬಹುದು ಎಂದು ನಿಯಮ ಬದಲಾಯಿತು. ಎಲ್ಲರೂ ನಾಯಿಲಾಳ ಭುಜ ಮುಟ್ಟಿ ಹೋದರು.

“ಬೈದಿದ್ರೆ ಚೆನ್ನಾಗಿತ್ತು ಆಂಟಿ,” ಎಂದಳು ಜಾನಕಿಯ ಹತ್ತಿರ. “ಊರಲ್ಲಾದ್ರೆ ಬಾಯಿಗೆ ಬಂದ ಹಾಗೆ ಬೈದು, ಸಂಜೆ ಚಹಾ ಕುಡಿಸಿ ಮುಗಿಸ್ತಿದ್ರು. ಇಲ್ಲಿ ಯಾರೂ ಬೈಯ್ಯಲ್ಲ. ಎಲ್ಲಿಗೆ ಹೋಗಿ ಬೈಸ್ಕೊಳ್ಳಲಿ?”

ಜಾನಕಿಗೆ ಬೈಯಲು ಬರುವುದಿಲ್ಲ ಎಂದಲ್ಲ. ನಿತ್ಯ ಅಭ್ಯಾಸವಿದೆ, ನಾನೇ ಸಾಕ್ಷಿ. ಆದರೆ ಅವತ್ತು ಅವಳೂ ಚಹಾ ಮಾತ್ರ ಕುಡಿಸಿ ಕಳಿಸಿದಳು.

ಸೆಪ್ಟೆಂಬರಿನಲ್ಲಿ ಆ ಪಟ್ಟಿ ಕೊರಿಯರಿನಲ್ಲಿ ಉಪ್ಸಾಲಾಕ್ಕೆ ವಾಪಸು ಬಂತು. ಮರಳಿ ಬಂದ ಯಂತ್ರವನ್ನು ಪರೀಕ್ಷಿಸಿ ನೋಡುವುದು ಅವರ ರೂಢಿ, ಅದೂ ನಾಯಿಲಾಳದೇ ಕೆಲಸ. ಬೇರೆಯವರು ಮಾಡುತ್ತೇವೆ ಎಂದರೂ ಅವಳು ಬಿಡಲಿಲ್ಲ. ಒಳಗಿನ ಅಂಚಿನಲ್ಲಿ ಮರಳು ಬಣ್ಣದ ಕೂದಲು ಅಂಟಿತ್ತು. ಪೂಮಾದ ಮೈಯದು ಎಂಬ ವಸ್ತುವನ್ನು ಅವಳು ಮುಟ್ಟಿದ್ದು ಅದೇ ಮೊದಲು. ಪಟ್ಟಿಯನ್ನು ಮೇಜಿನ ಮೇಲಿಟ್ಟು ಕಂಪ್ಯೂಟರಿನಿಂದ ಆಜ್ಞೆ ಕಳಿಸಿದಳು. ಮೊದಲ ಸಲಕ್ಕೇ ಕೊಂಡಿ ಟಕ್ಕನೆ ಬಿಚ್ಚಿಕೊಂಡಿತು.

ಅದರ ಮಾರನೆಯ ಶನಿವಾರ ಅಂಗಡಿಗೆ ಬಂದಳು. ಜಾನಕಿ ಊರಿಗೆ ಹೋಗಿದ್ದಳು. ನಾನೊಬ್ಬನೇ ಇದ್ದೆ. ಬೆಂಡೆಕಾಯಿ ಆರಿಸಿ ತೂಕಕ್ಕೆ ಇಟ್ಟಳು. ಕೊಂಡಿ ಬಿಚ್ಚಿಕೊಂಡ ವಿಷಯ ಹೇಳಿದಳು. ಆಮೇಲೆ ಕೇಳಿದಳು:

“ಅಂಕಲ್, ಒಂದು ಕೇಳ್ತೀನಿ, ನಿಜ ಹೇಳಿ. ನನ್ನ ಜಾಗದಲ್ಲಿ ನೀವಾಗಿದ್ರೆ ಫೋನ್ ಮಾಡ್ತಿದ್ರಾ?”

ಎದುರಿಗೆ ನಿಂತವರ ಮುಖ ನೋಡಿ ಬೆಲೆ ಹೇಳುವುದು ನಲವತ್ತು ವರ್ಷದ ರೂಢಿ. ಅವಳ ಮುಖ ನೋಡಿದೆ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಇವಳು ಈಗ ಏನನ್ನು ಹೊತ್ತುಕೊಂಡು ಹೋಗಬಲ್ಲಳು ಎಂದು ಅಂದಾಜು ಹಾಕಿದೆ, ಅಷ್ಟನ್ನೇ ಕೊಟ್ಟೆ.

“ಇಲ್ಲಮ್ಮ. ನಾನೂ ಮಾಡ್ತಿರಲಿಲ್ಲ. ಈ ದೇಶದಲ್ಲಿ ಯಾರು ತಾನೇ ಜುಲೈನಲ್ಲಿ ಫೋನ್ ಮಾಡ್ತಾರೆ?”

ಅವಳು ನನ್ನನ್ನು ನೋಡಿದಳು. “ಥ್ಯಾಂಕ್ಸ್ ಅಂಕಲ್,” ಎಂದು ಬೆಂಡೆಕಾಯಿ ಚೀಲ ತೆಗೆದುಕೊಂಡು ಹೋದಳು. ನಂಬಿದಂತೆ ಕಾಣಲಿಲ್ಲ. ನಂಬದಿದ್ದರೂ ಎದುರಾಡುವ ಜಾಯಮಾನ ಅವಳದಲ್ಲ.

ಅವಳು ಈಗಲೂ ಅದೇ ಕಂಪನಿಯಲ್ಲಿದ್ದಾಳೆ. ಈಗ ತೋಳಗಳ ಪಟ್ಟಿ ನೋಡಿಕೊಳ್ಳುತ್ತಾಳಂತೆ; ಬೆಕ್ಕಿನ ಜಾತಿ ಬೇಡ ಎಂದು ತಾನೇ ಕೇಳಿಕೊಂಡಳಂತೆ. ಅಂಗಡಿಗೆ ಬರುತ್ತಾಳೆ, ಬೇಕಾದ್ದು ತೆಗೆದುಕೊಳ್ಳುತ್ತಾಳೆ, ಹೋಗುತ್ತಾಳೆ. ತೋಳಗಳು ಹೇಗಿವೆ ಎಂದು ಜಾನಕಿ ಒಮ್ಮೆ ಕೇಳಿದಳು. ಚೆನ್ನಾಗಿವೆ ಆಂಟಿ ಎಂದಳು. ಎಲ್ಲರೂ ಅವಳಿಗೆ ನಿನ್ನ ತಪ್ಪಿಲ್ಲ ಎಂದೇ ಹೇಳಿದ್ದಾರೆ: ಕಂಪನಿಯವರು, ಅಮೆರಿಕದ ಸಂಶೋಧಕಿ, ಜಗಳ ಮರೆತ ಮೇಲೆ ಫೈಜಲ್ ಕೂಡ. ಆ ಮಾತಿನ ದಾಸ್ತಾನು ಅವಳ ಬಳಿ ಸಾಕಷ್ಟಿತ್ತು. ಅವಳು ನನ್ನನ್ನು ಕೇಳಿದ್ದು ಬೇರೇನೋ, ನಾನು ಕೊಟ್ಟದ್ದು ಅದೇ ಮಾಲು.

ನಾನು ಒಮ್ಮೆ ಮಿಡ್‌ಸಮ್ಮರ್ ಹಬ್ಬದ ದಿನ, ಈ ದೇಶದವರೆಲ್ಲ ತಲೆಗೆ ಹೂ ಮುಡಿದು ಕಂಬದ ಸುತ್ತ ಕುಣಿಯುವಾಗ, ಈರುಳ್ಳಿಯ ಸಗಟು ವ್ಯಾಪಾರಿಗೆ ಬಿಡದೆ ಫೋನು ಮಾಡಿ, ಕುಣಿತದ ನಡುವಿನಿಂದ ಎಳೆದು ಲಾರಿ ಕಳಿಸಿಕೊಂಡವನು. ಬರೀ ಈರುಳ್ಳಿಗೆ. ಅವನು ನನ್ನನ್ನು ಬೈದುಕೊಂಡೇ ಕಳಿಸಿದ, ನಾನು ಬೈಸಿಕೊಂಡೇ ಇಳಿಸಿಕೊಂಡೆ.

ನಾಯಿಲಾಳಿಗೆ ನಾನು ಒಂದು ನಿಜವಾದ ಉತ್ತರ ಕೊಡಬೇಕಾಗಿದೆ: ನಾನಾಗಿದ್ದರೆ ಫೋನ್ ಮಾಡುತ್ತಿದ್ದೆ.